ಪ್ರಾಣಿಕೋಶಕ್ಕೆ ಗೋಡೆಯಿಲ್ಲ

ಭಾನುವಾರ ಮಗಳ ಫೋನು ಬರುವ ಹೊತ್ತಿಗೆ ಅನಸೂಯಾ ಒಲೆಯ ಮೇಲೆ ಏನನ್ನೂ ಇಡುತ್ತಿರಲಿಲ್ಲ. ಕುಕ್ಕರು ಕೂಗಿದರೆ ಎಲ್ಲಿ ಒಂದು ಮಾತು ತಪ್ಪಿಹೋದೀತೋ ಎಂಬ ಅಂಜಿಕೆ. ವಿಶಾಖಪಟ್ಟಣದ ಗಾಜುವಾಕದ ಆ ಬಾಡಿಗೆ ಮನೆಯ ಕೆಳಗೇ ಬಸ್ಸುಗಳು ತಿರುಗುವ ರಸ್ತೆ. ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಆಟೋಗಳ ಗಲಾಟೆಗೆ ಕಿಟಕಿಯ ಗಾಜು ಅದುರುತ್ತಿತ್ತು. ಅವಳು ಕಿಟಕಿಗಳನ್ನೆಲ್ಲ ಮುಚ್ಚಿ, ಫ್ಯಾನನ್ನೂ ಆರಿಸಿ, ಬೆವರುತ್ತ, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.

ಮಗಳು ಶ್ರೀರಕ್ಷಾ ವಿಜಯವಾಡದ ಹೊರವಲಯದ ಒಂದು ವಸತಿ ಕಾಲೇಜಿನಲ್ಲಿ ಇಂಟರ್, ಅಂದರೆ ಪಿಯು, ಎರಡನೇ ವರ್ಷ ಓದುತ್ತ ಮೆಡಿಕಲ್ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿದ್ದಳು. ಅಲ್ಲಿ ಹುಡುಗಿಯರ ಕೈಗೆ ಫೋನು ಕೊಡುವ ಪದ್ಧತಿಯಿಲ್ಲ. ಭಾನುವಾರ ಮಾತ್ರ ವಾರ್ಡನ್ ಮಾಧವೀಲತಾ ಅವರ ಮೇಜಿನ ಮುಂದೆ ಸಾಲು ನಿಂತು, ಅವರದೇ ಫೋನಿನಲ್ಲಿ, ಸ್ಪೀಕರ್ ಹಾಕಿಕೊಂಡು ಮಾತಾಡಬೇಕು. ಅವರಿಗೆ ಅರ್ಥವಾಗುವ ಹಾಗೆ ಮಾತಾಡಬೇಕು. ಅಂದರೆ ತೆಲುಗು, ಇಲ್ಲವೇ ಇಂಗ್ಲಿಷು.

"ನಿಮ್ಮ ಕನ್ನಡದಲ್ಲಿ ನೀವಿಬ್ಬರೂ ಸೇರಿ ನನ್ನನ್ನೇ ಬೈದುಕೊಂಡರೂ ನನಗೆ ಗೊತ್ತಾಗಲ್ಲ ನೋಡಿ ಮೇಡಂ," ಎಂದು ಮಾಧವೀಲತಾ ಮೊದಲ ದಿನವೇ ನಗುತ್ತ ಹೇಳಿದ್ದರು. ನಗು ಸುಳ್ಳಾಗಿರಲಿಲ್ಲ. ನಿಯಮವೂ ಸುಳ್ಳಾಗಿರಲಿಲ್ಲ.

ಹುಟ್ಟಿದಾಗಿನಿಂದ ಆ ತಾಯಿ ಮಗಳು ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಮಾತಾಡಿಕೊಂಡವರಲ್ಲ. ಗಂಡ ದಿನಕರನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ತುಮಕೂರಿನಿಂದ ವಿಶಾಖಪಟ್ಟಣಕ್ಕೆ ಬಂದಾಗ ರಕ್ಷಾ ಇನ್ನೂ ಚಿಕ್ಕವಳು. ಆಮೇಲೆ ಅವನ ಶಾಖೆ ಬದಲಾದರೂ ಊರು ಬದಲಾಗಲಿಲ್ಲ. ತೆಲುಗು ಅವಳಿಗೆ ಶಾಲೆಯಲ್ಲಿ, ಬೀದಿಯಲ್ಲಿ ಬಂದು ಹತ್ತಿತು. ಈಗ ಕನಸು ಬೀಳುವುದೂ ಅದರಲ್ಲೇ ಇರಬೇಕು. ಅವಳ ಕನ್ನಡ ಮನೆಯೊಳಗಿನದು. ಮೊಸರು, ಬಾಚಣಿಗೆ, ಹಸಿವು, ನಿದ್ದೆ, ಅಜ್ಜಿ, ಇಷ್ಟಕ್ಕೆ ಸಾಕಾಗುವಂಥದ್ದು. ಅನಸೂಯಾಳ ತೆಲುಗಾದರೋ ತರಕಾರಿ ಗಾಡಿಯದು, ಗ್ಯಾಸ್ ಸಿಲಿಂಡರಿನದು. ಊಟ ಆಯಿತಾ, ಆಯಿತು. ತಲೆಗೆ ಎಣ್ಣೆ ಹಚ್ಚಿಕೊಂಡೆಯಾ, ಹಚ್ಚಿಕೊಂಡೆ. ಇಷ್ಟಾದ ಮೇಲೆ ಎರಡೂ ಕಡೆ ಮೌನ ಬಂದು ಕೂತುಬಿಡುತ್ತಿತ್ತು. ಆ ಮೌನದಲ್ಲಿ ಹಿಂದೆ ನಿಂತ ಹುಡುಗಿಯರ ಪಿಸುಮಾತು, ತಟ್ಟೆಗಳ ಸದ್ದು ಕೇಳುತ್ತಿದ್ದವು.

ಕೊನೆಗೆ ಇಬ್ಬರಿಗೂ ಒಂದು ದಾರಿ ಸಿಕ್ಕಿತು. ಪಾಠ. ಅನಸೂಯಾ ಮದುವೆಯ ಹೊಸದರಿಂದ ತುಮಕೂರಿನ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದವಳು. ವರ್ಗವಾದಾಗ ಅದನ್ನು ಬಿಟ್ಟಳು, ಮತ್ತೆ ಸೇರಲಿಲ್ಲ. ಪಾಠದ ಮಾತಿಗೆ ಬೇಕಾದ ಹೆಸರುಗಳೆಲ್ಲ ಇಂಗ್ಲಿಷಿನವು. ಕೊನೆಗೊಂದು ತೆಲುಗು ಕ್ರಿಯಾಪದ ಅಂಟಿಸಿದರೆ ವಾಕ್ಯವಾಗುತ್ತಿತ್ತು.

"ಈ ವಾರ ಏನು ರಿವಿಜನ್?"

"ಸೆಲ್, ಅಮ್ಮಾ. ಅದರ ವಿಧಗಳು, ಕೆಲಸಗಳು."

"ಹೇಳು ನೋಡೋಣ."

"ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇರುತ್ತೆ."

ಅನಸೂಯಾ ನಕ್ಕಳು. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಹಿಗ್ಗಾಯಿತು. ತಿದ್ದಲು ಏನೋ ಸಿಕ್ಕಿತು, ಇನ್ನೆರಡು ನಿಮಿಷ ಮಾತಾಡಬಹುದು. "ಇಲ್ಲ ಕಂದಾ, ಮನುಷ್ಯರಲ್ಲಿ ಇರಲ್ಲ. ಬಲಿಯುವಾಗ ಅದು ತನ್ನ ನ್ಯೂಕ್ಲಿಯಸ್ಸನ್ನು ತಾನೇ ಹೊರಗೆ ಹಾಕಿಬಿಡುತ್ತೆ. ಆಕ್ಸಿಜನ್ ಹೊರೋಕೆ ಒಳಗೆ ಜಾಗ ಬೇಕಲ್ಲ, ಅದಕ್ಕೆ. ಆಮೇಲೆ ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳೋಕಾಗಲ್ಲ. ಹೊತ್ತು ಹೊತ್ತು, ಸವೆದು, ಒಂದು ದಿನ ಒಡೆದುಹೋಗುತ್ತೆ."

ಆ ಕಡೆಯಿಂದ ಮಾತಿಲ್ಲ. "ಹೂಂ," ಎಂದಳು ರಕ್ಷಾ, ಸ್ವಲ್ಪ ಹೊತ್ತಾದ ಮೇಲೆ. ಫೋನು ಮುಂದಿನ ಹುಡುಗಿಗೆ ಹೋಯಿತು.

ಮರುವಾರ ಬೇರಿನ ಕೋಶಗಳಲ್ಲಿ ಹಸಿರು ಇರುತ್ತದೆ ಎಂದಳು. ಮಣ್ಣಿನೊಳಗೆ ಬಿಸಿಲೆಲ್ಲಿಂದ ಬರಬೇಕು ಎಂದು ಅನಸೂಯಾ ತಿದ್ದಿದಳು. ಅದರ ಮುಂದಿನ ವಾರ ಆಮ್ಲಜನಕ ಹೊರುವುದು ಬಿಳಿ ರಕ್ತಕಣ ಎಂದಳು. ಅದನ್ನೂ ತಿದ್ದಿದಳು, ಈ ಸಲ ದನಿಯಲ್ಲಿ ತಾಳ್ಮೆ ಕಡಿಮೆಯಾಗಿತ್ತು. ಪ್ರತಿ ಸಲ ತಿದ್ದಿದಾಗಲೂ ಆಚೆ ಕಡೆ ಅದೇ ಮೌನ, ಅದೇ "ಹೂಂ".

ಅಷ್ಟರಲ್ಲಿ ದಿನಕರನ ಫೋನಿಗೆ ಕಾಲೇಜಿನಿಂದ ಸಂದೇಶ ಬಂತು. ವಾರದ ಪರೀಕ್ಷೆಯಲ್ಲಿ ಅಂಕ ಇಳಿದು ರಕ್ಷಾಳನ್ನು ಕೆಳಗಿನ ಸೆಕ್ಷನ್ನಿಗೆ ಹಾಕಿದ್ದರು. ಅವನು ಅದನ್ನು ಹೆಂಡತಿಗೆ ತೋರಿಸಿ, ಊಟದ ತಟ್ಟೆಯ ಪಕ್ಕದಲ್ಲಿ ಫೋನನ್ನು ಬೋರಲು ಹಾಕಿದ.

"ಬಯಾಲಜೀಲೇ ಹೋಗಿರೋದು," ಎಂದ. "ನಿನ್ನ ಸಬ್ಜೆಕ್ಟು."

ನಾಲ್ಕನೆಯ ತಪ್ಪು ಬಂದದ್ದು ಅದಾದ ಮೇಲಿನ ಭಾನುವಾರ.

"ಅಮ್ಮಾ, ಕೆನ್ನೆಯ ಸೆಲ್‌ಗೂ ಈರುಳ್ಳಿ ಥರಾನೇ ಗೋಡೆ ಇರುತ್ತೆ."

ಅನಸೂಯಾಳಿಗೆ ರೇಗಿತು. ರೇಗಿದ್ದು ಕನ್ನಡದಲ್ಲೇ ಬಂತು. "ಇಷ್ಟೂ ಗೊತ್ತಿಲ್ವೇನೇ? ಏನ್ ಓದ್ತಿದೀಯ ಅಲ್ಲಿ ಕೂತ್ಕೊಂಡು?"

"ಮೇಡಂ, ತೆಲುಗು," ಎಂದರು ಮಾಧವೀಲತಾ.

"ಪ್ರಾಣಿಕೋಶಕ್ಕೆ ಗೋಡೆ ಇರಲ್ಲ," ಎಂದಳು ಅನಸೂಯಾ ತೆಲುಗಿನಲ್ಲಿ, ಪ್ರತಿ ಪದವನ್ನೂ ಒತ್ತಿ. "ಬರೆದುಕೋ."

ಈ ಸಲ "ಹೂಂ" ಕೂಡ ಬರಲಿಲ್ಲ.

ಕಿಟಕಿ ತೆರೆದು, ಫ್ಯಾನು ಹಾಕಿ ಕೂತ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಇಳಿದಾಗ ಅದರ ಜಾಗಕ್ಕೆ ಬೇರೇನೋ ಬಂತು. ಉಳಿದ ಮೂರನ್ನು ಮರೆಯಬಹುದು. ಇದನ್ನು ರಕ್ಷಾ ಹೇಗೆ ಮರೆತಾಳು? ಆರನೇ ತರಗತಿಯ ಬೇಸಿಗೆ ರಜೆಯಲ್ಲಿ, ಹಳೆಯದೊಂದು ಸೂಕ್ಷ್ಮದರ್ಶಕವನ್ನು ಕಿಟಕಿಯ ಬೆಳಕಿಗೆ ಇಟ್ಟು, ಈರುಳ್ಳಿ ಸಿಪ್ಪೆಯ ಒಂದು ಪೊರೆ ತೋರಿಸಿದ್ದಳು ಅನಸೂಯಾ. ಇಟ್ಟಿಗೆ ಜೋಡಿಸಿದ ಹಾಗೆ ಸಾಲು ಸಾಲು ಕೋಶಗಳು. ಆಮೇಲೆ ರಕ್ಷಾಳ ಕೆನ್ನೆಯ ಒಳಗನ್ನೇ ಕಡ್ಡಿಯಿಂದ ಮೆಲ್ಲಗೆ ಕೆರೆದು, ಗಾಜಿಗೆ ಸವರಿ, ನೀಲಿ ಬಣ್ಣ ಬಿಟ್ಟು ತೋರಿಸಿದಳು. ಅಲ್ಲಿ ಸಾಲಿಲ್ಲ, ಅಂಚು ನೆಟ್ಟಗಿಲ್ಲ, ಚೆಲ್ಲಿದ ಅವಲಕ್ಕಿಯ ಹಾಗೆ ಬಿದ್ದಿದ್ದವು.

"ಇದು ನಾನಾ?" ಎಂದು ಕೇಳಿದ್ದಳು ಹುಡುಗಿ, ಕಣ್ಣು ಕೀಳದೆ. "ಗೋಡೆ ಎಲ್ಲಮ್ಮ?"

"ಗಿಡಕ್ಕೆ ಗೋಡೆ ಬೇಕು ಪುಟ್ಟಿ. ಅದು ನಿಂತಲ್ಲೇ ನಿಂತಿರಬೇಕಲ್ಲ. ನಮಗೆ ಬೇಡ. ನಾವು ಬಗ್ಗಬೇಕು, ಓಡಬೇಕು, ತಬ್ಬಿಕೋಬೇಕು."

ಆ ವಾರವಿಡೀ ಹುಡುಗಿ ಬಂದುಬಂದು ಅಮ್ಮನನ್ನು ತಬ್ಬಿಕೊಂಡು, "ನೋಡು, ಗೋಡೆ ಇಲ್ಲ," ಎನ್ನುತ್ತಿದ್ದಳು. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅದನ್ನು ಮರೆಯುವುದೆಂದರೆ ಮನೆಯ ಬಾಗಿಲು ಯಾವ ಕಡೆಗಿದೆ ಎಂಬುದನ್ನೇ ಮರೆತಂತೆ.

ಮರುದಿನ ಸೊಪ್ಪು ತರಲೆಂದು ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯೊಡತಿ ಸೂರ್ಯಕಾಂತಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದರು. ಮೆಟ್ಟಿಲ ಸಂದಿಯಲ್ಲಿ, ಹಳೆಯ ಗೋಣಿಯ ಮೇಲೆ ಬೆಕ್ಕು ಮರಿ ಹಾಕಿತ್ತು.

"ನೋಡಮ್ಮಾ ಅನಸೂಯಮ್ಮಾ, ಈ ಪಿಲ್ಲಿಯ ಸಂಸಾರ," ಎಂದರು ಸೂರ್ಯಕಾಂತಮ್ಮ. "ಹೋದ ಸಲ ನಮ್ಮ ಮಂಚದ ಕೆಳಗೆ, ಈ ಸಲ ಇಲ್ಲಿ. ಕೋಳಿ ಮೊಟ್ಟೆ ಇಟ್ಟ ಹಾಗೆ ಎಲ್ಲೆಂದರಲ್ಲಿ ಇಡುತ್ತೆ. ಬಾಡಿಗೆ ಕೇಳಿದರೆ ಮಾತ್ರ ಮುಖ ತಿರುಗಿಸುತ್ತೆ, ನಿನ್ನ ಗಂಡನ ಥರ."

ಅನಸೂಯಾ ನಗಬೇಕಿತ್ತು. ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಒಂದು ಕಾಲು ಕೆಳಗೆ, ಹಾಗೇ ನಿಂತುಬಿಟ್ಟಳು.

ಬೆಕ್ಕು ಮೊಟ್ಟೆ ಇಡುತ್ತದೆ.

ರಕ್ಷಾ ಎರಡನೆಯದೋ ಮೂರನೆಯದೋ ತರಗತಿಯಲ್ಲಿದ್ದಾಗ ನೆಂಟರ ಮನೆಯಲ್ಲಿ ಜ್ವರ ಬಂದು ಮೈ ಕಾಯುತ್ತಿದ್ದರೂ ಎಲ್ಲರೆದುರು ಹೇಳಲು ನಾಚಿಕೊಂಡು, ಕೂತಲ್ಲೇ ಕೂತು, ಕೊನೆಗೆ ಅಲ್ಲೇ ವಾಂತಿ ಮಾಡಿಕೊಂಡಿದ್ದಳು. ಆ ರಾತ್ರಿ ಅನಸೂಯಾ ಅವಳ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದಳು. ಎಲ್ಲಾದರೂ ಇರಲು ಆಗದಿದ್ದರೆ, ಹೇಳಲೂ ಆಗದಿದ್ದರೆ, ನಿನಗೆ ಚೆನ್ನಾಗಿ ಗೊತ್ತಿರುವುದನ್ನೇ ತಪ್ಪಾಗಿ ಹೇಳು. ನಾನು ಅಲ್ಲಿ ಏನೂ ಕೇಳುವುದಿಲ್ಲ. 'ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ' ಅಂತ ಚೀಲ ಎತ್ತಿಕೊಂಡು ಏಳುತ್ತೇನೆ. ಇಲ್ಲಿಗೆ ಬಂದ ಹೊಸದರಲ್ಲಿ, ಸಿಂಹಾಚಲಂ ಬೆಟ್ಟದ ಬುಡದಲ್ಲಿದ್ದ ದಿನಕರನ ಸಹೋದ್ಯೋಗಿ ವೆಂಕಟರಮಣನ ಮನೆಯಲ್ಲಿ ವರಮಹಾಲಕ್ಷ್ಮಿ ವ್ರತಕ್ಕೆ ಹೋದಾಗ, ಯಾರೋ ಹೆಂಗಸು ಹುಡುಗಿಯ ಗಲ್ಲ ಹಿಂಡಿ ಹಿಂಡಿ ತೆಲುಗಿನಲ್ಲಿ ಹಾಡು, ಹಾಡು ಎಂದು ಪೀಡಿಸುತ್ತಿದ್ದಳು. ರಕ್ಷಾ ಅಮ್ಮನ ಸೆರಗು ಹಿಡಿದು ಗಂಭೀರವಾಗಿ ಕೇಳಿದ್ದಳು: "ಅಮ್ಮಾ, ಬೆಕ್ಕು ಮೊಟ್ಟೆ ಇಡುತ್ತೆ ಅಲ್ವಾ?" ಯಾರೋ ಅದನ್ನು ತೆಲುಗಿಗೆ ತಿರುಗಿಸಿದಾಗ ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅನಸೂಯಾ ಮಾತ್ರ ತಾಂಬೂಲದ ತಟ್ಟೆ ಕೆಳಗಿಟ್ಟು ಎದ್ದಿದ್ದಳು.

ಅಂಥದ್ದು ಒಂದೆರಡು ಸಲವೇ ನಡೆದದ್ದು. ಮಗು ಬೆಳೆಯಿತು, ಬಾಯಿ ಬಂತು, ಆಟ ಮರೆತುಹೋಯಿತು. ಅಮ್ಮನಿಗೆ.

"ಏಮಮ್ಮಾ, ಏನಾಯ್ತು?" ಎಂದರು ಸೂರ್ಯಕಾಂತಮ್ಮ. "ಮುಖ ಯಾಕೆ ಹಾಗಾಯ್ತು? ಬಾಡಿಗೆ ಅಂದದ್ದು ತಮಾಷೆಗೆ."

"ಏನಿಲ್ಲ," ಎಂದು ಅನಸೂಯಾ ಮೇಲಕ್ಕೆ ಹತ್ತಿದಳು. ಸೊಪ್ಪಿನ ಚೀಲ ಮೆಟ್ಟಿಲ ಮೇಲೇ ಉಳಿಯಿತು.

ವಾರ್ಡನ್ನರ ಫೋನಿಗೆ ಕರೆ ಮಾಡಿದಳು. ಭಾನುವಾರ ಬಿಟ್ಟು ಮಕ್ಕಳನ್ನು ಕರೆಯುವುದಿಲ್ಲ ಎಂದು ಉತ್ತರ ಬಂತು. ಹುಡುಗಿ ಆರೋಗ್ಯವಾಗಿದ್ದಾಳೆ, ತಿನ್ನುತ್ತಿದ್ದಾಳೆ. ನೀವು ಚಿಂತೆ ಮಾಡಬೇಡಿ ಎಂದೂ ಬಂತು.

ಸಂಜೆ ದಿನಕರ ಬೂಟು ಕಳಚುವ ಮೊದಲೇ ಎಲ್ಲವನ್ನೂ ಹೇಳಿದಳು. ಅವನು ಒಂದು ಕಾಲ್ಚೀಲ ಕೈಯಲ್ಲಿ ಹಿಡಿದುಕೊಂಡೇ ಕೇಳಿದ.

"ಕತೆ ಕಟ್ತಿದೀಯ ಅನು," ಎಂದ. "ಯಾವಾಗಲೋ ಆಡಿದ ಆಟ. ಅವಳಿಗೆ ನೆನಪಿರುತ್ತಾ?"

"ನನಗೇ ನೆನಪಿರ್ಲಿಲ್ಲ ಕಣ್ರೀ. ಅದಕ್ಕೇ ಭಯ."

"ಓದ್ತಿಲ್ಲ, ತಪ್ಪು ಹೇಳ್ತಿದಾಳೆ. ತಪ್ಪು ಉತ್ತರ ಅಂದ್ರೆ ತಪ್ಪು ಉತ್ತರ, ಅಷ್ಟೇ. ಅದರೊಳಗೆ ಏನಿರುತ್ತೆ?"

"ಕೆನ್ನೆಯ ಕೋಶಕ್ಕೆ ಗೋಡೆ ಇದೆ ಅಂದ್ಲು. ರಕ್ಷಾ ಅಂದ್ಲು ರೀ."

"ನನಗೇನ್ ಗೊತ್ತು ಅದು? ಇದ್ರೂ ಇರಬಹುದು ಅನ್ಕೋತೀನಿ ನಾನು." ಅವನು ಇನ್ನೊಂದು ಕಾಲ್ಚೀಲ ಎಳೆದ. "ನೋಡು, ಇನ್ನು ಸ್ವಲ್ಪ ದಿನ. ಕಣ್ಮುಚ್ಕೊಂಡು ಕಳೆದ್ರೆ ಮುಗೀತು. ನೀನೂ ತಾನೇ ಕಳಿಸಿದ್ದು. ನಿನ್ನ ಕೆಲಸ ಬಿಡಿಸಿ ಈ ಊರಿಗೆ ಎಳ್ಕೊಂಡ್ ಬಂದೆ ಅಂತ ನನಗೂ ಇದೆ. ಇವಳೊಬ್ಬಳು ಡಾಕ್ಟರಾದ್ರೆ ಎಲ್ಲದಕ್ಕೂ ಒಂದು ಅರ್ಥ ಬರುತ್ತೆ ಅಂತ."

ಅದು ಅವಳಿಗೆ ಗೊತ್ತಿಲ್ಲದ ಮಾತಾಗಿರಲಿಲ್ಲ. ಕಾಲೇಜಿನ ಗೇಟಿನ ಮುಂದೆ ಮಗಳನ್ನು ಬಿಟ್ಟು ಬಂದ ದಿನ ಅವಳೂ ಅದನ್ನೇ ಅಂದುಕೊಂಡಿದ್ದಳು. ತಾನು ಬಿಟ್ಟಲ್ಲಿಂದ ಮಗಳು ಮುಂದಕ್ಕೆ ಹೋಗಲಿ.

"ಒಂದು ವೇಳೆ ನೀವು ಹೇಳೋದೇ ನಿಜ ಅನ್ನಿ," ಎಂದಳು. "ಬೇಕೂಂತ ಹೇಳ್ತಿಲ್ಲ, ನಿಜವಾಗಲೂ ಮರೆತಿದಾಳೆ. ತನ್ನ ಕೆನ್ನೇನೇ ಮರೆಯೋ ಹಾಗಾಗಿದೆ ಅಂದ್ರೆ, ಅದೇನು ಕಡಿಮೆಯಾ?"

ದಿನಕರ ಕಾಲ್ಚೀಲಗಳನ್ನು ಒಂದರೊಳಗೊಂದು ತುರುಕಿ ಬೂಟಿನಲ್ಲಿಟ್ಟ.

ಬೆಳಗ್ಗೆ ಅವಳು ದುವ್ವಾಡ ಸ್ಟೇಷನ್ನಿನಲ್ಲಿ ವಿಜಯವಾಡದ ರೈಲು ಹತ್ತಿದಳು. ಅವನು ಬೇಡ ಎನ್ನಲಿಲ್ಲ, ಬರುತ್ತೇನೆ ಎಂದೂ ಅನ್ನಲಿಲ್ಲ.

ಕಾಲೇಜಿನ ಕಟ್ಟಡ ಹೆದ್ದಾರಿಯ ಪಕ್ಕದಲ್ಲಿತ್ತು. ಹಿಂದಿನ ಸಲ ಬಂದಾಗ ಭಾನುವಾರವಾದ್ದರಿಂದ ರಸ್ತೆಯ ಬೇವಿನ ಮರಗಳ ಕೆಳಗೆ ಅಪ್ಪ ಅಮ್ಮಂದಿರು ಟವೆಲು ಹಾಸಿ, ಟಿಫನ್ ಡಬ್ಬಿ ಬಿಚ್ಚಿ, ಮಕ್ಕಳ ಬಾಯಿಗೆ ಪುಳಿಹೋರ ತುರುಕುತ್ತಿದ್ದರು. ಇವತ್ತು ಮರಗಳ ಕೆಳಗೆ ಯಾರೂ ಇರಲಿಲ್ಲ. ಮಹಡಿಯ ಉದ್ದಕ್ಕೂ ಜಾಲರಿ ಹೊಡೆದಿದ್ದರು. ಟೆರೇಸಿನ ಸುತ್ತ ಹೊಸ ತಗಡು ಎದ್ದಿತ್ತು. ಹೋದ ಸಲ ಅದು ಇರಲಿಲ್ಲ ಎಂದು ಅವಳಿಗೆ ಅನ್ನಿಸಿತು.

ಡೀನ್ ದುರ್ಗಾಪ್ರಸಾದ್ ಅವಳನ್ನು ಕೂರಿಸಿ ನೀರು ಕೊಡಿಸಿದರು. ಕೆಟ್ಟ ಮನುಷ್ಯರೇನಲ್ಲ. ಮೇಜಿನ ಮೇಲೆ ಸೀಮೆಸುಣ್ಣದ ಪುಡಿ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅವರೂ ಝೂವಾಲಜಿ ಮೇಷ್ಟ್ರೇ, ಈಗಲೂ ಪಾಠ ಮಾಡುತ್ತಾರಂತೆ.

"ನೀವೂ ಬಯಾಲಜಿಯವರೇ ಅಂತ ನಿಮ್ಮ ಹುಡುಗಿ ಹೇಳಿದ್ದಳು," ಎಂದರು. "ಹಾಗಾದರೆ ನಿಮಗೇ ಗೊತ್ತಿರಬೇಕು. ಈ ಹೊತ್ತಿನಲ್ಲಿ ಕರೆದುಕೊಂಡು ಹೋದರೆ ಮತ್ತೆ ಹಿಡಿಯೋಕಾಗಲ್ಲ."

"ಮನೆಯಲ್ಲಿ ಸ್ವಲ್ಪ ಕೆಲಸ ಇತ್ತು," ಎಂದಳು ಅನಸೂಯಾ.

"ಏನು ಕೆಲಸ?"

ಅವಳಿಗೆ ತೆಲುಗಿನಲ್ಲಿ ಒಂದೂ ಸುಳ್ಳು ಹೊಳೆಯಲಿಲ್ಲ. ಡೀನ್ ನಿಟ್ಟುಸಿರಿಟ್ಟು, ರಕ್ಷಾಳನ್ನು ಕರೆಸಿದರು.

ಮಾಧವೀಲತಾ ಅವರ ಹಿಂದೆ ರಕ್ಷಾ ಬಂದಳು. ತೆಳ್ಳಗಾಗಿದ್ದಳು, ಅಷ್ಟೇ; ಉಳಿದ ಮಕ್ಕಳಷ್ಟೇ ತೆಳ್ಳಗೆ. ಜಡೆ ನೆಟ್ಟಗಿತ್ತು. ಅಮ್ಮನನ್ನು ನೋಡಿ ಓಡಿ ಬರಲಿಲ್ಲ. ಬಾಗಿಲ ಬಳಿಯೇ, ಎರಡೂ ಕೈಯನ್ನು ಹಿಂದೆ ಕಟ್ಟಿ ನಿಂತಳು. ಅಮ್ಮನಿಗೂ ಅವಳಿಗೂ ನಡುವೆ ಒಂದು ಮೇಜು, ಇಬ್ಬರು ದೊಡ್ಡವರು.

ಅನಸೂಯಾ ಏನಾಯಿತು ಎಂದು ಕೇಳಲಿಲ್ಲ. ಕೇಳುವುದಿಲ್ಲ ಎಂದೇ ಒಪ್ಪಂದವಾಗಿತ್ತು. ಮಡಿಲಲ್ಲಿದ್ದ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಕನ್ನಡದಲ್ಲೇ ಹೇಳಿದಳು:

"ಗ್ಯಾಸ್ ಆರಿಸಿ ಬಂದ್ನೋ ಇಲ್ವೋ, ನೆನಪೇ ಆಗ್ತಿಲ್ಲ ಪುಟ್ಟಿ."

ರಕ್ಷಾ ತಲೆಯೆತ್ತಿದಳು. ಕೆಳತುಟಿ ಒಮ್ಮೆ ಅದುರಿತು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಅನಸೂಯಾಳಿಗೆ ಬೇರೆ ಪುರಾವೆ ಬೇಕಿರಲಿಲ್ಲ.

"ಏನಂತೆ?" ಎಂದು ಮಾಧವೀಲತಾ ಕೇಳಿದರು.

"ಮನೆಯಲ್ಲಿ ಗ್ಯಾಸ್," ಎಂದಳು ಅನಸೂಯಾ ತೆಲುಗಿನಲ್ಲಿ. "ನಾವು ಹೊರಡಬೇಕು."

ಹೊರಡುವುದು ಅವಳ ಕೈಯಲ್ಲಿರಲಿಲ್ಲ. ಗೇಟ್ ಪಾಸ್ ಆಗಬೇಕಾದರೆ ಕಂಪ್ಯೂಟರಿನಿಂದ ತಂದೆಯ ಫೋನಿಗೆ ಒಟಿಪಿ ಹೋಗುತ್ತದೆ, ತಂದೆ ಅದನ್ನು ಹೇಳಬೇಕು. ಸೇರಿಸುವಾಗ ದಿನಕರನ ನಂಬರ್ ಕೊಟ್ಟಿದ್ದರು. ತಾಯಿ ಎದುರಿಗೇ ನಿಂತಿದ್ದರೂ ಯಂತ್ರಕ್ಕೆ ತಾಯಿ ಗೊತ್ತಿಲ್ಲ.

ಡೀನ್ ಬ್ಯಾಂಕಿಗೆ ಫೋನು ಮಾಡಿ ಸ್ಪೀಕರ್ ಹಾಕಿದರು. ಆ ಕಡೆ ಟೋಕನ್ ಕರೆಯುವ ಸದ್ದು, ನೋಟೆಣಿಸುವ ಯಂತ್ರದ ಸದ್ದು.

"ಸರ್, ನಿಮ್ಮ ಮೇಡಂ ಬಂದಿದ್ದಾರೆ. ಹುಡುಗಿಯನ್ನು ಕರೆದುಕೊಂಡು ಹೋಗ್ತೀನಿ ಅಂತಾರೆ. ಕಾರಣ ಹೇಳ್ತಿಲ್ಲ. ಗ್ರಾಂಡ್ ಟೆಸ್ಟ್ ಹತ್ತಿರದಲ್ಲಿದೆ. ನಿಮಗೆ ಒಟಿಪಿ ಬಂದಿರುತ್ತೆ. ಹೇಳೋದು ಬಿಡೋದು ನಿಮ್ಮಿಷ್ಟ, ಆದರೆ ನಾನಾದರೆ ಹೇಳಲ್ಲ."

"ಬಂದಿದೆ," ಎಂದ ದಿನಕರ. ಆಮೇಲೆ, "ರಕ್ಷಾ ಇದಾಳಾ ಅಲ್ಲಿ? ಅವಳಿಗೇ ಕೊಡಿ. ಅವಳೇ ಹೇಳಲಿ."

"ತೆಲುಗಿನಲ್ಲಿ ಹೇಳಮ್ಮಾ," ಎಂದರು ಮಾಧವೀಲತಾ ಮೆತ್ತಗೆ. ಹುಡುಗಿಯ ಭುಜದ ಮೇಲೆ ಕೈಯಿಟ್ಟರು. ಆ ಕೈ ಇಟ್ಟ ಕೂಡಲೇ ರಕ್ಷಾ ಇನ್ನಷ್ಟು ನೆಟ್ಟಗೆ ನಿಂತದ್ದನ್ನು ಅನಸೂಯಾ ನೋಡಿದಳು. ಇರಲಾರೆ ಎಂದು ಆ ಕೈಯ ಕೆಳಗೆ ನಿಂತು ಮಗಳು ಹೇಳುವುದಿಲ್ಲ. ತಾನು ಹೇಳಿದರೆ ಕತೆ ಕಟ್ಟಿದಂತಾಗುತ್ತದೆ. ದಿನಕರ ಕೇಳುತ್ತಿರುವುದು ಉತ್ತರ. ಹುಡುಗಿಯ ಬಳಿ ಇರುವುದು ತಪ್ಪು ಉತ್ತರ ಮಾತ್ರ. ಅದು ತಪ್ಪೆಂದು ತಿಳಿಯುವಷ್ಟು ಜೀವಶಾಸ್ತ್ರ ಅವನಿಗೆ ಬರುವುದಿಲ್ಲ.

"ನಾನ್ನಾ," ಎಂದಳು ರಕ್ಷಾ. ಅಪ್ಪನನ್ನು ತೆಲುಗಿನಲ್ಲಿ ಕರೆದದ್ದು ಅದೇ ಮೊದಲಿರಬೇಕು. "ಶುಗರ್ ಮಾತ್ರೆ ತಗೊಂಡ್ರಾ?"

"ಹೂಂ ಪುಟ್ಟಿ. ತಗೊಂಡೆ. ನೀನು ಹೇಳು."

"ಇನ್ಸುಲಿನ್ ತಯಾರಾಗೋದು ಲಿವರಿನ ಸೆಲ್ಸ್‌ನಲ್ಲಿ. ಲಿವರ್ ಚೆನ್ನಾಗಿಟ್ಕೊಳ್ಳಿ."

ನೋಟೆಣಿಸುವ ಯಂತ್ರ ಒಮ್ಮೆ ಓಡಿ ನಿಂತಿತು. ಅನಸೂಯಾ ಬಾಯಿ ತೆರೆದಳು, ಮುಚ್ಚಿದಳು. ಅಷ್ಟರಲ್ಲಿ ಡೀನ್ ದುರ್ಗಾಪ್ರಸಾದ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಇಷ್ಟು ವರ್ಷ ಪಾಠ ಮಾಡಿದ ಬಾಯಿ, ತಪ್ಪು ಕೇಳಿ ಸುಮ್ಮನಿರಲಾಗಲಿಲ್ಲ.

"ಲಿವರ್ ಅಲ್ಲಮ್ಮಾ," ಎಂದರು. "ಪ್ಯಾಂಕ್ರಿಯಾಸ್. ಮೇದೋಜೀರಕ. ಅದರಲ್ಲಿ ಬೀಟಾ ಸೆಲ್ಸ್. ಹೋದ ವರ್ಷ ಇದೇ ಪ್ರಶ್ನೆಗೆ ನೀನೇ ಎದ್ದು ನಿಂತು ಉತ್ತರ ಹೇಳಿದ್ದೆ. ನೋಡಿದಿರಾ ಸರ್? ಈ ಸ್ಥಿತಿಯಲ್ಲಿ ಮನೆಗೆ ಕಳಿಸಿದರೆ ಏನು ಗತಿ?"

"ಅವಳು ಹೇಳಿದ್ದು ತಪ್ಪಾ?" ಎಂದ ದಿನಕರ.

"ಪೂರ್ತಿ ತಪ್ಪು ಸರ್."

"ಹೋದ ವರ್ಷ ಗೊತ್ತಿತ್ತಾ?"

"ಚೆನ್ನಾಗಿ ಗೊತ್ತಿತ್ತು."

ಮಾಧವೀಲತಾ ಫೋನು ಕಟ್ಟಾಯಿತೇ ಎಂದು ಬಾಗಿ ನೋಡಿದರು. ಕಟ್ಟಾಗಿರಲಿಲ್ಲ. ದಿನಕರ ಅಂಕಿಗಳನ್ನು ಒಂದೊಂದಾಗಿ ಹೇಳಿದ, ಕೌಂಟರಿನಲ್ಲಿ ಖಾತೆ ಸಂಖ್ಯೆ ಓದುವವನಂತೆ, ಸ್ಪಷ್ಟವಾಗಿ, ಎರಡು ಸಲ.

"ಸರ್, ಇನ್ನೊಮ್ಮೆ ಯೋಚನೆ—"

"ಹಾಕಿ ಸರ್," ಎಂದ ದಿನಕರ. "ಅನು, ಹುಷಾರಾಗಿ ಕರ್ಕೊಂಡ್ ಬಾ."

ಗೇಟು ದಾಟಿ ಆಟೋ ಹತ್ತುವವರೆಗೂ ಅನಸೂಯಾ ಏನೂ ಕೇಳಲಿಲ್ಲ. ಸ್ಟೇಷನ್ನಿನಲ್ಲಿ ಇಡ್ಲಿ ಕೊಡಿಸಿದಳು. ರಕ್ಷಾ ಒಂದನ್ನು ತಿಂದು ಉಳಿದದ್ದನ್ನು ಎಲೆಯಲ್ಲಿ ಸುತ್ತಿಟ್ಟಳು. ಸಂಜೆಯ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ಮುಗಿದು ಗದ್ದೆ ಬಂತು, ಗದ್ದೆಯ ನೀರಿನಲ್ಲಿ ಬೆಳಕು ಇಳಿಯುತ್ತ ಬಂತು. ಏಲೂರು ದಾಟಿದ ಮೇಲೆ ರಕ್ಷಾ ಕಿಟಕಿಯಿಂದ ಮುಖ ತಿರುಗಿಸದೆಯೇ ಮಾತಾಡಿದಳು.

"ಎಷ್ಟು ಸಲ ಹೇಳ್ದೆ ಅಮ್ಮ. ನೀನು ತಿದ್ದಿದ್ದೇ ತಿದ್ದಿದ್ದು."

ಅನಸೂಯಾ ಹೌದು ಎಂದಳು. ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು. ತಪ್ಪಾಯಿತು ಎನ್ನಬಹುದಿತ್ತು. ಆ ಮಾತು ಬಾಯಿಯವರೆಗೆ ಬಂದು, ಇದು ಮಗಳಿಗಲ್ಲ, ತನ್ನ ಸಮಾಧಾನಕ್ಕೆ ಎನಿಸಿ ಒಳಗೇ ಉಳಿಯಿತು.

"ಹಾರಿಕಾ," ಎಂದು ರಕ್ಷಾ ಶುರುಮಾಡಿದಳು. ಹಾರಿಕಾ ಅವಳ ಪಕ್ಕದ ಮಂಚದ ಹುಡುಗಿ. ಸೇರಿಸಲು ಹೋದಾಗ ಅನಸೂಯಾ ಅವಳಿಗೂ ಒಂದು ಡಬ್ಬಿ ಚಕ್ಕುಲಿ ಕೊಟ್ಟಿದ್ದಳು. "ಹಾರಿಕಾ ಮೇಲೆ... ಟೆರೇಸಲ್ಲಿ... ನಾನು ಹಿಡ್ಕೊಂಡು..." ಅಲ್ಲಿಗೆ ನಿಂತಿತು. ಬಾಯಿ ಅಲ್ಲಾಡಿತು, ಪದ ಬರಲಿಲ್ಲ. ಅವಳ ಕನ್ನಡದಲ್ಲಿ ಇದಕ್ಕೆ ಮಾತುಗಳಿರಲಿಲ್ಲ. ಯಾರೂ ಕಲಿಸಿರಲಿಲ್ಲ. ಮೊಸರಿಗಿದ್ದವು, ನಿದ್ದೆಗಿದ್ದವು.

ಮನೆಯಲ್ಲಿ ತೆಲುಗು ಆಡಿದರೆ, "ನಮ್ಮ ಭಾಷೇಲಿ ಹೇಳು," ಎಂದು ಗದರುತ್ತಿದ್ದವಳು ಅನಸೂಯಾ. ಅವಳು ಮಗಳ ಕೈ ಹಿಡಿದು, "ತೆಲುಗಲ್ಲೇ ಹೇಳು ಪುಟ್ಟಿ," ಎಂದಳು. "ನಾನು ಕೇಳ್ತೀನಿ."

ತೆಲುಗಿನಲ್ಲಿ ಅದು ಒಂದೇ ಉಸಿರಿಗೆ ಬಂತು. ಹಾರಿಕಾಳ ಸೆಕ್ಷನ್ ಇಳಿಸಿದ ದಿನ ಅವಳು ಟೆರೇಸಿನ ಗೋಡೆ ಹತ್ತಿ ನಿಂತದ್ದು. ಬಟ್ಟೆ ಒಣಹಾಕಲು ಹೋದ ರಕ್ಷಾ ಹಿಂದಿನಿಂದ ಅವಳ ಸೊಂಟ ತಬ್ಬಿ ಹಿಡಿದದ್ದು. ಯಾರಾದರೂ ಬರುವವರೆಗೂ ಹಾಗೇ ಹಿಡಿದಿದ್ದದ್ದು, ತೋಳು ಮರಗಟ್ಟಿದರೂ. ಸಂಜೆಯೇ ಹಾರಿಕಾಳ ಅಪ್ಪ ಅಮ್ಮ ಬಂದು ಕರೆದೊಯ್ದದ್ದು. ಆಮೇಲೆ ಮಾಧವೀಲತಾ ಭುಜದ ಮೇಲೆ ಕೈಯಿಟ್ಟು ಹೇಳಿದ್ದು: ನೀನು ಒಳ್ಳೆಯ ಹುಡುಗಿ, ಯಾರಿಗೂ ಹೇಳಬೇಡ. ಹೊರಗೆ ಗೊತ್ತಾದರೆ ಅವಳ ಜೀವನ ಹಾಳಾಗುತ್ತದೆ, ಅದಕ್ಕೆ ನೀನೇ ಕಾರಣಳಾಗುತ್ತೀಯ. ಪಕ್ಕದ ಮಂಚಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ಕಣ್ಣು ಮುಚ್ಚಿದರೆ ತೋಳಿನಲ್ಲಿ ಅವಳ ಭಾರ. ಕೈ ಜಾರಿದಂತೆ. ಪುಸ್ತಕ ತೆರೆದರೂ ಅದೇ.

ಅನಸೂಯಾಳ ತರಕಾರಿ ಗಾಡಿಯ ತೆಲುಗಿಗೆ ಕೆಲವು ಪದ ದಕ್ಕಲಿಲ್ಲ. ಆದರೂ ನಡುವೆ ಒಂದು ಸಲವೂ ಏನದು ಎಂದು ಕೇಳಲಿಲ್ಲ, ತಿದ್ದಲಿಲ್ಲ.

ಹೇಳಿ ಮುಗಿಸಿ ರಕ್ಷಾ ತನ್ನ ಎರಡೂ ತೋಳುಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು, ಅವು ಬೇರೆ ಯಾರದೋ ಎಂಬಂತೆ. ಮೊಣಕೈಯ ಒಳಬದಿಯಲ್ಲಿ, ಗೋಡೆಯ ಸಿಮೆಂಟು ತರಚಿದ ಕಡೆ, ಹಳೆಯ ಗಾಯ ಆರಿ ಹೊಸ ಚರ್ಮ ಬಂದಿತ್ತು. ಇನ್ನೂ ಗುಲಾಬಿ ಬಣ್ಣ.

"ಹಾರಿಕಾ ಮನೆಗೆ ಫೋನ್ ಮಾಡೋಣ," ಎಂದಳು ಅನಸೂಯಾ. "ನಂಬರ್ ಗೊತ್ತಾ?"

"ಊರು ಗೊತ್ತು. ಮಂಗಳಗಿರಿ. ಅವಳಪ್ಪನಿಗೆ ಮಗ್ಗ ಇದೆ."

"ಹುಡುಕೋಣ."

"ಮಾತಾಡ್ತಾರಾ ಅವರು?"

"ಗೊತ್ತಿಲ್ಲ ಪುಟ್ಟಿ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದು ಕೇಳಿ ರಕ್ಷಾ ಮೊದಲ ಸಲ ಅಮ್ಮನ ಕಡೆಗೆ ತಿರುಗಿದಳು. ಹೆಗಲಿಗೆ ತಲೆಯಾನಿಸಿದಳು. ಫೋನು ಗುರುಗುಟ್ಟಿತು. ದಿನಕರ. ಅನಸೂಯಾ ಎತ್ತಿದಳು.

"ಸ್ಟೇಷನ್ನಿಗೆ ಬರ್ತೀನಿ," ಎಂದ ಅವನು. ಆಮೇಲೆ, "ಅನು, ಮನೇಲಿ ಗ್ಯಾಸ್ ನೋಡ್ದೆ. ಆರಿಸೇ ಇದೆ," ಎಂದ.

ನಿನ್ನೆ ಅವಳು ಹೇಳಿದ ಒಪ್ಪಂದದಲ್ಲಿ ಅವನು ಅದನ್ನೂ ನೆನಪಿಟ್ಟುಕೊಂಡಿದ್ದ. ಫೋನನ್ನು ಹಾಗೇ ಕಿವಿಗೆ ಹಿಡಿದುಕೊಂಡಳು. ಅವನೂ ಇಡಲಿಲ್ಲ. ಹೆಗಲ ಮೇಲೆ ಮಗಳು ನಿದ್ದೆಹೋಗುತ್ತಿದ್ದಳು. ನಿದ್ದೆಯಲ್ಲೇ ಅವಳ ತೋಳು ಬೆಚ್ಚಿ ಬಿಗಿಯಾಗುತ್ತಿತ್ತು, ಯಾರನ್ನೋ ಹಿಡಿದುಕೊಂಡಂತೆ, ಮತ್ತೆ ಸಡಿಲವಾಗುತ್ತಿತ್ತು, ಮತ್ತೆ ಬಿಗಿಯಾಗುತ್ತಿತ್ತು.